ಹೊಸ್ತಿಲ ತನಕ ಹಾರಿದ ಕುಂಕುಮ

ಶನಿವಾರ ಬಂತೆಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಕಿವಿ ಬೀದಿಗೆ ಓಡುತ್ತಿತ್ತು. ಕೈ ಬತ್ತಿ ಹೊಸೆಯುತ್ತಿತ್ತು, ಬಾಯಿ ದೇವರ ನಾಮ ಗುನುಗುತ್ತಿತ್ತು, ಕಿವಿ ಮಾತ್ರ ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ. ನಮ್ಮವರು ಹಿರೇಕೆರೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಸ್ ಹತ್ತಿದರೆ ಹಾನಗಲ್ಲಿನಲ್ಲಿ ಇಳಿದು ಇನ್ನೊಂದು, ಶಿಗ್ಗಾಂವಿಯಲ್ಲಿ ಇಳಿದು ಮತ್ತೊಂದು. ಹಾನಗಲ್ಲು ನನ್ನ ತವರು. ಬಸ್ಸಿಗೆ ಹೊತ್ತಿದ್ದರೆ ಅಲ್ಲಿ ನಮ್ಮವ್ವನ ಕೈಯ ಚಹಾ ಕುಡಿದು, ಅವಳು ಕಟ್ಟಿಕೊಟ್ಟ ಗಂಟು ಹಿಡಿದು ಬರುತ್ತಿದ್ದರು. ಶಿಗ್ಗಾಂವಿಯ ಬಸ್ಸು ತಪ್ಪಿದರೆ ಮಾತ್ರ ನನ್ನ ಇಡೀ ವಾರ ಮಣ್ಣುಪಾಲು. ಭಾನುವಾರ ಊಟವಾಗಿ ಅವರು ಒಂದು ಮಗ್ಗುಲು ಹೊರಳುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತು. ಸವಣೂರಿನ ಕುರುಕಲು ಖಾರದ ಪೊಟ್ಟಣವನ್ನು ಚೀಲಕ್ಕೆ ತುರುಕುತ್ತಿದ್ದೆ. ಅವರು ಅದನ್ನು ಬುಧವಾರದವರೆಗೆ ಇಟ್ಟುಕೊಂಡು ತಿನ್ನುತ್ತೇನೆ ಎನ್ನುತ್ತಿದ್ದರು. ಶಿಗ್ಗಾಂವಿ ಮುಟ್ಟುವುದರೊಳಗೆ ಖಾಲಿಯಾಗುತ್ತದೆಂದು ನನಗೆ ಗೊತ್ತಿತ್ತು.

ಹೀಗೆ ವರ್ಷಗಳೇ ಕಳೆದಿದ್ದವು. ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಬೆಳಿಗ್ಗೆ ಎದ್ದು ಗಂಡನಿಗೆ ಚಹಾ ಕೊಡಬೇಕು, ಸಂಜೆ ಶಾಲೆಯಿಂದ ಬಂದವರ ಕೈಗೆ ಕಾಲು ತೊಳೆಯಲು ತಂಬಿಗೆ ನೀರು ಕೊಡಬೇಕು, ನಡುನಡುವೆ ಒಂದಿಷ್ಟು ಜಗಳ ಆಡಬೇಕು. ವಾರಕ್ಕೊಂದು ಸಲ ಬರುವ ಗಂಡನ ಜೊತೆ ಜಗಳಕ್ಕೂ ಹೊತ್ತು ಸಾಲದು. ಸಿಟ್ಟು ಬಂದರೆ ಅದನ್ನು ಮುಂದಿನ ಶನಿವಾರದವರೆಗೆ ಕಾಯ್ದಿಡಬೇಕು, ಅವರ ಮುಖ ಕಂಡೊಡನೆ ಅದು ಹಾಳಾಗಿ ಹೋಗುತ್ತಿತ್ತು.

ನನ್ನನ್ನು ಸವಣೂರಿನಲ್ಲಿ ಹಿಡಿದು ಕೂಡಿಸಿದ್ದವರು ನಮ್ಮ ಅತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಆ ಕಾಲದ ಕಟ್ಟಳೆಯಂತೆ ತಲೆ ತೆಗೆಸಿಕೊಂಡು, ಕೆಂಪು ಸೀರೆ ಉಟ್ಟು ಮಡಿಯಲ್ಲಿಯೇ ಬದುಕಿದವರು. ತಾವೇ ಬಾವಿಯಿಂದ ಸೇದಿದ ನೀರಲ್ಲದೆ ಬೇರೆ ನೀರು ಅವರ ಬಾಯಿಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಮಠಕ್ಕೆ ಹೋಗಿ ನಮಸ್ಕಾರ ಹಾಕಿ ಬಂದ ಮೇಲೆಯೇ ಅವರ ಒಲೆ ಹೊತ್ತಬೇಕು. ಸೀರೆ ಒಣಹಾಕುವ ಗಳುವನ್ನೂ ತೊಳೆದೇ ಹಾಕುವವರು. ಅವರನ್ನು ಬಿಟ್ಟು ಹೋಗುವುದು ಧರ್ಮವಲ್ಲ, ಕರೆದುಕೊಂಡು ಹೋಗೋಣವೆಂದರೆ ಅವರು ಬರುವವರಲ್ಲ. ಹಿರೇಕೆರೂರು ಎಂಬ ಹೆಸರು ಕೇಳಿದರೇ ಅವರ ಮುಖ ಗಂಟಾಗುತ್ತಿತ್ತು. ‘ಆ ಊರ ಸುದ್ದಿ ನನ್ನ ಮುಂದ ತೆಗೀಬ್ಯಾಡ’ ಎಂದು ಎದ್ದು ಹೋಗುತ್ತಿದ್ದರು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ನಮ್ಮವರಿಗಂತೂ ಮೊದಲೇ ಇರಲಿಲ್ಲ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಮನುಷ್ಯ ತಾಯಿಯ ಎದುರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು.

ಅದು ಅರವತ್ತರ ದಶಕದ ನಡುವಿನ ಒಂದು ಮಳೆಗಾಲ. ಶನಿವಾರ ಸಂಜೆ ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಮೆಲ್ಲಗೆ ಹೇಳಿದರು: ‘ಶಾಲೀ ಹತ್ತಿರ ಒಂದು ಮನಿ ಖಾಲಿ ಆಗೇದ. ಹಿಂದ ಬಾವಿನೂ ಅದ. ಸೋಮವಾರ ಹೂಂ ಅನ್ನಬೇಕು, ಇಲ್ಲಾಂದ್ರ ಬ್ಯಾರೆಯವರಿಗೆ ಕೊಡ್ತಾರಂತ.’

‘ಅತ್ತೀನ್ನ ಕೇಳಿದ್ರೇನ್ರಿ?’ ಎಂದೆ. ಈಗ ತಾನೇ ಬಂದವರು ಎಲ್ಲಿ ಕೇಳಬೇಕು, ಆದರೂ ಕೇಳಿದೆ.

‘ನಾಳೆ ಕೇಳ್ತೇನಿ’ ಎಂದರು.

ನಾಳೆ ಬಂತು. ಅತ್ತೆ ಮಠಕ್ಕೆ ಹೋಗಿ ಬಂದರು. ನಮ್ಮವರು ಎರಡು ಸಲ ಅಡಿಗೆಮನೆಯ ಬಾಗಿಲ ತನಕ ಹೋಗಿ ಹಿಂದಿರುಗಿದರು. ಮೂರನೆಯ ಸಲ ನೇರವಾಗಿ ತಮ್ಮ ಚೀಲಕ್ಕೆ ಕೈಹಾಕಿ ಒಂದು ಚಾಟರಬಿಲ್ಲನ್ನೂ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವನ್ನೂ ಹೊರಗೆ ತೆಗೆದರು. ಚಾಟರಬಿಲ್ಲು ಯಾವನೋ ಹುಡುಗ ತರಗತಿಗೆ ತಂದಿದ್ದು, ಇವರು ಜಪ್ತಿ ಮಾಡಿದ್ದು. ಚಿತ್ರ ಹುಣ್ಣಿಮೆಯ ಚಂದ್ರನದು. ಚಂದ್ರನ ಕೆಳಭಾಗದಲ್ಲೊಂದು ಕುಳಿ, ಅದರಿಂದ ಸುತ್ತಲೂ ಬಿಳಿಯ ಗೀರುಗಳು ಹರಿದು ಅರ್ಧ ಚಂದ್ರನನ್ನೇ ದಾಟಿ ಹೋಗಿದ್ದವು.

‘ಎಲ್ಲೋ ಒಂದು ಕಡೆ ಕಲ್ಲು ಬಂದು ಬಡದದ. ಅಲ್ಲಿಂದ ಸಿಡಿದ ಪುಡಿ ಇಷ್ಟ ದೂರ ಹೋಗಿ ಬಿದ್ದದ’ ಎಂದರು. ಮನೆಯ ಮಾತು ಮರೆತೇ ಹೋದಂತಿತ್ತು. ಕಣ್ಣು ಹೊಳೆಯುತ್ತಿದ್ದವು. ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಮಾಡಿ ತೋರಿಸಬೇಕಂತೆ, ಇವತ್ತೇ ಮಾಡಿ ನೋಡಬೇಕಂತೆ.

ನನಗೆ ಸಿಟ್ಟು ನೆತ್ತಿಗೇರಿತು. ‘ಅವ್ವನ ಹತ್ತಿರ ಬಾಯಿ ಬಿಡ್ರಿ ಅಂದ್ರ ಚಂದ್ರನ ಮ್ಯಾಲ ಕಲ್ಲ ಹೊಡೀಲಿಕ್ಕೆ ನಿಂತೀರಲ್ಲ’ ಎಂದೆ. ಅವರು ನಕ್ಕರು. ಆ ನಗೆ ಈಗಲೂ ನನಗೆ ಬೇಕು. ಸಾಲಾಗಿ ಸೇವಂತಿಗೆ ಇಟ್ಟಂತಹ ಹಲ್ಲು, ಒಂದು ಬದಿಗೆ ಸ್ವಲ್ಪ ಸೊಟ್ಟ. ಸಿಟ್ಟು ಎಲ್ಲಿ ನಿಲ್ಲಬೇಕು? ಕೊಪ್ಪರಿಗೆ ಮುಚ್ಚುವ ದೊಡ್ಡ ತಾಟನ್ನು ನಾನೇ ತಂದುಕೊಟ್ಟೆ.

ಮೊದಲು ಅವರು ಗೋದಿಹಿಟ್ಟು ಕೇಳಿದರು. ಅಡಿಗೆಮನೆಯಿಂದಲೇ ಅತ್ತೆಯ ದನಿ ಬಂತು: ‘ಉಣ್ಣೋ ಹಿಟ್ಟಿಗೆ ಕಲ್ಲ ಹೊಡೀತೀಯೇನೋ? ಅನ್ನ ಅಂದ್ರ ಆಟಾನs?’ ಹಿಟ್ಟು ಅಲ್ಲಿಗೇ ನಿಂತಿತು. ನಾನು ಒಲೆಯ ಬೂದಿಯನ್ನು ಜರಡಿ ಹಿಡಿದು ತಾಟಿನ ತುಂಬ ಹರವಿದೆ. ಮೇಲೆ ಒಂದು ಪದರು ರಂಗೋಲಿ ಪುಡಿ. ತಾಟನ್ನು ಅಂಗಳದ ನಡುವೆ ಇಟ್ಟು, ಅವರು ಮಣೆಯ ಮೇಲೆ ನಿಂತು ಒಂದು ಗುಂಡನೆಯ ಹರಳನ್ನು ಬರಿ ಕೈಯಿಂದ ಕೆಳಗೆ ಬಿಟ್ಟರು. ಪುಸಕ್ಕೆಂದು ಒಂದು ತಗ್ಗು ಬಿತ್ತು. ತಗ್ಗಿನ ಸುತ್ತ ಬೂದಿಯ ದಿಂಡು ಎದ್ದು ನಿಂತಿತು, ಬಿಳಿಯ ಮೇಲೆ ಬೂದಿಬಣ್ಣ. ಅಡಿಯಲ್ಲಿದ್ದದ್ದು ಮೇಲೆ ಬಂದು ಮಗುಚಿ ಬಿದ್ದಿತ್ತು. ‘ನೋಡಿದೇನು? ಅಂಚಿನ ಮ್ಯಾಲ ಪದರು ತಲೆಕೆಳಗ ಆಗತಾವ’ ಎಂದರು ಖುಷಿಯಿಂದ.

ಆಮೇಲೆ ಚಾಟರಬಿಲ್ಲು ಹಿಡಿದರು. ನೇರ ಕೆಳಗೆ ಹೊಡೆದಾಗ ತಾಟಿನ ಹೊರಗೂ ಪುಡಿ ಹಾರಿತು. ಓರೆಯಾಗಿ ಹೊಡೆದು ನೋಡಿದರು, ತಗ್ಗು ಆಗಲೂ ಹೆಚ್ಚುಕಡಿಮೆ ದುಂಡಗೇ ಬಿತ್ತು, ಪುಡಿ ಮಾತ್ರ ಒಂದೇ ಕಡೆ ಬಾಲದ ಹಾಗೆ ಚಾಚಿತು. ನಿಜವಾದ ಚಂದ್ರನ ಮೇಲೆ ಬಡಿಯುವ ಕಲ್ಲು ಎಷ್ಟು ಜೋರಾಗಿ ಬರುತ್ತದೆಂದರೆ ಬಹುಪಾಲು ಕಲ್ಲೇ ಕರಗಿ ಆವಿಯಾಗಿಬಿಡುತ್ತದಂತೆ. ಉಳಿಯುವುದು ಕುಳಿ ಮತ್ತು ಸಿಡಿದದ್ದು. ಸಿಡಿದ ದೊಡ್ಡ ಹೆಂಟೆಗಳು ದೂರ ಹೋಗಿ ಬಿದ್ದಲ್ಲಿ ಮತ್ತೆ ಸಣ್ಣ ಕುಳಿಗಳನ್ನು ತೋಡುತ್ತವಂತೆ. ನಾನು ತಾಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದೆ. ಮೋಡ ಕವಿದ ಬೆಳಕಿನಲ್ಲಿ ಅವರ ಮೂಗಿನ ಮೇಲೆ ಬೂದಿ ಕೂತಿತ್ತು, ಒರೆಸಬೇಕೆನಿಸಿತು, ಅತ್ತೆ ಒಳಗಿದ್ದಾರೆಂದು ಸುಮ್ಮನಿದ್ದೆ. ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು. ಇನ್ನೂ ಕೇಳಲಿಲ್ಲವಲ್ಲ ಎಂಬ ಸಂಕಟ ಒಂದು ಕಡೆ, ಈ ಹೊತ್ತು ಮುಗಿಯದಿರಲಿ ಎಂಬ ಆಸೆ ಇನ್ನೊಂದು ಕಡೆ.

ಅವರಿಗೆ ಈಗ ಹೊಸದೊಂದು ಪ್ರಶ್ನೆ ಹುಟ್ಟಿತು. ಎಲ್ಲಕ್ಕಿಂತ ದೂರ ಹೋಗುವುದು ಯಾವ ಪದರು? ಮೇಲಿನದೋ, ಅಡಿಯದೋ? ಅಂಗಳದ ಕಲ್ಲಿನ ಮೇಲೆ ಬಿಳಿ ಪುಡಿಯೂ ಬೂದಿಯೂ ಕಲಸಿಹೋಗಿ ತಿಳಿಯುತ್ತಿರಲಿಲ್ಲ. ‘ಮ್ಯಾಲ ಬ್ಯಾರೆ ಬಣ್ಣ ಬೇಕಲ್ಲ’ ಎಂದರು. ರಂಗೋಲಿಗೆ ಅಂಚು ಎಳೆಯುವ ಕೆಮ್ಮಣ್ಣು ಮನೆಯಲ್ಲಿತ್ತು, ಆದರೆ ಮಳೆಗೆ ತೇವ ಹಿಡಿದು ಮುದ್ದೆಯಾಗಿತ್ತು. ಹಾನಗಲ್ಲಿನಿಂದ ನಿನ್ನೆ ಬಂದ ಗಂಟು ನೆನಪಾಯಿತು. ನಮ್ಮವ್ವ ಅರಿಷಿಣದ ಕೊಂಬಿಗೆ ಲಿಂಬೆಯ ರಸ, ಬಿಳಿಗಾರ ಹಾಕಿ ನೆನೆಸಿ ಒಣಗಿಸಿ ಕುಟ್ಟಿ ಮಾಡಿದ ಕುಂಕುಮ. ನುಣ್ಣಗೆ, ಮುಟ್ಟಿದರೆ ಬೆರಳಿಗೆ ಹತ್ತಿ ಎರಡು ದಿನ ಬಿಡದಂಥದು. ಒಂದು ಹಿಡಿ ತಂದು, ಸೀರೆಯ ಚೂರಿನಲ್ಲಿ ಸೋಸಿ ರಂಗೋಲಿಯ ಮೇಲೆ ತೆಳ್ಳಗೆ ಉದುರಿಸಿದೆ. ಮುತ್ತೈದೆಯ ಮನೆಯಲ್ಲಿ ಕುಂಕುಮ ಚೆಲ್ಲಬಾರದೆಂಬುದು ನನಗೂ ಗೊತ್ತು. ಇದು ಚೆಲ್ಲುವುದಲ್ಲವಲ್ಲ, ಪ್ರಯೋಗ ತಾನೇ ಎಂದುಕೊಂಡೆ. ಗಂಡನ ಜೊತೆ ಇನ್ನೊಂದಿಷ್ಟು ಹೊತ್ತು ಕೂಡುವುದಕ್ಕೆ ನಾನು ಆಗ ಏನನ್ನಾದರೂ ತಂದುಕೊಡುತ್ತಿದ್ದೆ.

ಅವರು ರಬ್ಬರನ್ನು ಕಿವಿಯ ತನಕ ಎಳೆದು ಬಿಟ್ಟರು. ಟಪ್ಪೆಂದಿತು. ತಾಟಿನಿಂದ ಕೆಂಪು ಪುಡಿ ಛಟ್ಟನೆ ಎದ್ದು ಹಾರಿತು. ಅದೇ ಗಳಿಗೆಗೆ ಅತ್ತೆ ಅಡಿಗೆಮನೆಯ ಹೊಸ್ತಿಲು ದಾಟಿ ಅಂಗಳಕ್ಕೆ ಒಂದು ಕಾಲಿಟ್ಟಿದ್ದರು.

ಅವರ ಬರಿಗಾಲಿನ ಮೇಲೆ ಕುಂಕುಮ ಬಿದ್ದಿತ್ತು. ಕಾಲುಂಗುರ ತೆಗೆದು ಎಷ್ಟೋ ಕಾಲವಾದ ಬೆರಳುಗಳ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಸೀರೆಯ ಅಂಚಿನ ಮೇಲೂ ಬಿದ್ದಿರಬೇಕು, ಕೆಂಪು ಸೀರೆಯ ಮೇಲೆ ಕಾಣುತ್ತಿರಲಿಲ್ಲ.

ಅವರು ಕುಂಕುಮದ ಕರಡಿಗೆಯನ್ನು ಮುಟ್ಟುತ್ತಿರಲಿಲ್ಲ, ನಾನು ಹಣೆಗೆ ಇಟ್ಟುಕೊಳ್ಳುವಾಗ ಆ ಕಡೆ ನೋಡುತ್ತಲೂ ಇರಲಿಲ್ಲ. ಈಗ ಮನೆ ಮೇಲುಕೆಳಗಾಗುತ್ತದೆ, ಹಿರೇಕೆರೂರಿನ ಮಾತು ಇನ್ನು ಸತ್ತಂತೆಯೇ ಎಂದು ನಾನು ತಾಟಿನ ಪಕ್ಕ ಹಾಗೇ ಕೂತುಬಿಟ್ಟೆ. ನಮ್ಮವರು ಮಣೆಯ ಮೇಲೆ ಚಾಟರಬಿಲ್ಲು ಹಿಡಿದು ನಿಂತಿದ್ದರು.

ಅತ್ತೆ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಗ್ಗಿ ನೋಡಿದರು. ತಾಟನ್ನು ನೋಡಿದರು, ಮತ್ತೆ ಕಾಲು ನೋಡಿದರು.

‘ಅಷ್ಟ ದೂರದಿಂದ ಬಂತೇನು ಇದು?’ ಎಂದರು.

ಹೆದರಿದಾಗ ನಮ್ಮವರಿಗೆ ಪಾಠ ಒಂದೇ ಗತಿ. ‘ಹೂಂ ಅವ್ವಾ. ಎಲ್ಲಾಕಿಂತ ಮ್ಯಾಲಿದ್ದದ್ದು, ಕಲ್ಲ ಬಡಿಯೋ ಜಾಗಾಕ್ಕ ಎಲ್ಲಾಕಿಂತ ಹತ್ತಿರ ಇದ್ದದ್ದು, ಅದs ಎಲ್ಲಾಕಿಂತ ದೂರ ಹೋಗತದ. ಅಡಿಗಿದ್ದದ್ದು ಅಲ್ಲೇ ಅಂಚಿಗೆ ಬೀಳತದ’ ಎಂದು ಒಂದೇ ಉಸಿರಿಗೆ ಹೇಳಿದರು.

‘ತಿರುಗಿ ಬರೂದಿಲ್ಲೇನು?’

‘ಇಲ್ಲವ್ವಾ. ಚಂದ್ರನ ಮ್ಯಾಲ ಗಾಳಿ ಇಲ್ಲ, ಮಳಿ ಇಲ್ಲ. ಬಿದ್ದಲ್ಲೇ ಬಿದ್ದಿರತದ. ಭಾಳ ಭಾಳ ಕಾಲ.’

ಅತ್ತೆ ಹಿತ್ತಲಿಗೆ ಹೋದರು. ಬಾವಿಯ ಗಡಗಡೆಯ ಸದ್ದು ಕೇಳಿತು, ನೀರು ಸುರಿದುಕೊಂಡ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಕೆಂಪು ಸೀರೆ ಉಟ್ಟು ಬಂದು ಒಲೆಯ ಮುಂದೆ ಕೂತರು. ಆ ಹೊತ್ತಿಗೆ ನಾನು ಅಂಗಳ ಗುಡಿಸಿ ತೊಳೆದಿದ್ದೆ. ಕುಂಕುಮ ಕಲ್ಲಿನ ಸಂದಿಯಲ್ಲಿ ಕೂತದ್ದು ಎಷ್ಟು ತಿಕ್ಕಿದರೂ ಹೋಗಲಿಲ್ಲ.

ನಮ್ಮವರು ಊಟಕ್ಕೆ ಕೂತರು. ಅತ್ತೆ ಬಡಿಸಿದರು. ನಮ್ಮವರು ಸಾರಿನ ಅನ್ನ ಕಲಸುವಾಗ ಅತ್ತೆ ಹೇಳಿದ ಮಾತು ನನಗೆ ಇವತ್ತಿಗೂ ಅವರ ದನಿಯಲ್ಲಿಯೇ ಕೇಳುತ್ತದೆ.

‘ನಿಮ್ಮಪ್ಪನೂ ಹಿರೇಕೆರೂರಾಗs ಇದ್ರು. ಕಚೇರ್ಯಾಗ ಕಾರಕೂನಕಿ. ಹಬ್ಬಕ್ಕ ಚಕ್ಕಡಿ ಕಟ್ಟಿಕೊಂಡು ಬರ್ತಿದ್ರು. ನಾನೂ ಬರ್ತೇನಿ ಅಂತ ಒಂದ ಸಲ ಬಾಯಿ ಬಿಟ್ಟಿದ್ದೆ. ಮನಿ ಯಾರು ನೋಡಬೇಕು ಅಂದ್ರು ನಮ್ಮತ್ತಿ. ನೀ ಹೊಟ್ಟ್ಯಾಗಿದ್ದಿ. ಅಲ್ಲೇ ಜ್ವರ ಬಂತಂತ. ಸುದ್ದಿ ಬರೂದರಾಗ ಎಲ್ಲಾ ಮುಗದಿತ್ತು. ಅವರು ಎಂಥಾ ಮನ್ಯಾಗಿದ್ರು, ಯಾವ ಬಾವಿ ನೀರು ಕುಡೀತಿದ್ರು, ನಾ ನೋಡೇ ಇಲ್ಲ.’

ನಮ್ಮವರ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ತಂದೆ ತೀರಿಹೋದದ್ದು ಅವರಿಗೆ ಗೊತ್ತಿತ್ತು, ಎಲ್ಲಿ ಎಂಬುದು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಅದೇ ಊರಿನಲ್ಲಿ ಇಷ್ಟು ವರ್ಷ ಪಾಠ ಹೇಳಿ, ಕಚೇರಿಯ ಮುಂದೆ ದಿನಾ ನಡೆದುಹೋಗಿದ್ದರು. ನನಗೆ ಆಗ ತಿಳಿಯಿತು, ಹಿರೇಕೆರೂರಿನಲ್ಲಿ ಎಂದೋ ಬಡಿದದ್ದರ ಹೆಂಟೆಯೊಂದು ಇಷ್ಟು ದೂರ ಬಂದು ನನ್ನ ಸಂಸಾರದಲ್ಲೂ ಒಂದು ಕುಳಿ ತೋಡಿತ್ತು. ಅತ್ತೆಯ ಮೇಲೆ ವರ್ಷಗಟ್ಟಲೆ ಕಟ್ಟಿಕೊಂಡಿದ್ದ ನನ್ನ ಅಸಮಾಧಾನ ಅಲ್ಲೇ ಕುಸಿಯಿತು.

‘ಮಜ್ಜಿಗಿ ಹಾಕಲೇನು?’ ಎಂದು ಅತ್ತೆ ಕೇಳಿದರು. ಹಾಕಿದರು. ಆಮೇಲೆ, ‘ನಿನ್ನೆ ಪಡಸಾಲ್ಯಾಗ ಏನೋ ಮನಿ ಅಂತಿದ್ರಲ್ಲ. ನನಗ ಕಿವಿ ಇನ್ನೂ ಕೇಳತದ. ಬಾವಿ ಅದ ಅಂದಿ?’

‘ಅದ ಅವ್ವಾ.’

‘ಹಗ್ಗ, ಕೊಡ ನಾ ನನ್ನದs ತರ್ತೇನಿ. ಹೂಂ ಅಂತ ಹೇಳು.’

ನಾನು ಹಿತ್ತಲಿಗೆ ಓಡಿ ತುಳಸಿಕಟ್ಟೆಯ ಹಿಂದೆ ನಿಂತು ಅತ್ತುಬಿಟ್ಟೆ. ಸಂತೋಷಕ್ಕೆ ಅಳುವುದೆಂದು ಜನ ಹೇಳುತ್ತಾರೆ, ಅದರಲ್ಲಿ ಬೇರೆಯೂ ಇತ್ತು. ಅತ್ತೆಯ ಪಾಲಿಗೆ ಹೂಂ ಎನ್ನುವವರು ಯಾರೂ ಇರಲಿಲ್ಲವಲ್ಲ ಎಂದೂ ಅತ್ತಿದ್ದೆ.

ಹಿರೇಕೆರೂರಿನ ಆ ಮನೆಯಲ್ಲಿ ನಾವು ಮೂವರೂ ಇದ್ದೆವು. ಬಂದ ಮರುದಿನವೇ ಅತ್ತೆ ಸ್ನಾನ ಮಾಡಿ, ‘ಕಚೇರಿ ಎಲ್ಲದ ತೋರಸು’ ಎಂದರು. ನಾನು ಜೊತೆಗೆ ಹೋದೆ. ಹಂಚಿನ ಹಳೆಯ ಕಟ್ಟಡ, ಮುಂದೊಂದು ಬೇವಿನಮರ, ಅರ್ಜಿ ಹಿಡಿದು ಕಾಯುವ ಮಂದಿ. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರಸ್ತೆಯ ಆಚೆ ಬದಿಗೆ ನಿಂತು ನೋಡಿದರು. ಒಳಗೆ ಹೋಗೋಣವೇನ್ರಿ ಎಂದೆ, ಬೇಡವೆಂದು ತಲೆ ಅಲ್ಲಾಡಿಸಿದರು. ಆಮೇಲೆ ದಿನಾ ಒಬ್ಬರೇ ಹೋಗಿ ಬರತೊಡಗಿದರು. ಹಿಂದೆ ಮಠಕ್ಕೆ ಹೋಗುತ್ತಿದ್ದ ಹೊತ್ತಿಗೇ ಹೋಗುತ್ತಿದ್ದರು. ಸವಣೂರಿನ ಮಠ ತಪ್ಪಿತೆಂದು ಒಂದು ದಿನವೂ ಅವರು ಗೊಣಗಿದ್ದನ್ನು ನಾನು ಕೇಳಲಿಲ್ಲ.

ನನಗೆ ಬೇಕಾದದ್ದೆಲ್ಲ ಸಿಕ್ಕಿತು. ಬೆಳಗಿನ ಚಹಾ, ಸಂಜೆಯ ತಂಬಿಗೆ, ಬೇಕಾದಷ್ಟು ಜಗಳ. ಪ್ರದರ್ಶನದಲ್ಲಿ ನಮ್ಮವರು ತಾಟಿನ ಮೇಲೆ ಕೆಮ್ಮಣ್ಣನ್ನೇ ಹಾಕಿದರು. ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ ಅರೆದು ಕೊಟ್ಟವಳು ನಾನು.

ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷ ಅತ್ತೆ ಇರಲಿಲ್ಲ. ಅದಕ್ಕೂ ಸ್ವಲ್ಪ ಮೊದಲು, ಅದೇ ಊರಿನಲ್ಲಿ, ಜ್ವರದಲ್ಲಿಯೇ ಹೋದರು. ಚಂದ್ರನ ಸುದ್ದಿ ಕೇಳಲು ಆ ಮಳೆಗಾಲದಲ್ಲಿ ಶಾಲೆಯ ರೇಡಿಯೋದ ಸುತ್ತ ಊರೇ ನೆರೆದಿತ್ತು, ನಮ್ಮವರೂ ಅಲ್ಲೇ ಇದ್ದರು. ನಾನು ಮನೆಯಲ್ಲಿ ಅತ್ತೆಯ ಟ್ರಂಕು ತೆಗೆದು ಕೂತಿದ್ದೆ. ಸೀರೆಗಳನ್ನು ಅವರಂಥ ಇನ್ನೊಬ್ಬ ಮಡಿಯ ಹೆಂಗಸಿಗೆ ಕೊಡಬೇಕೆಂದಿತ್ತು. ಎಲ್ಲವೂ ಒಗೆದು ಒಣಗಿಸಿ ಮಡಚಿಟ್ಟವು, ಅವರ ಕೈಯ ಕೆಲಸ ಬೇರೆ ಹೇಗಿರಬೇಕು.

ಎಲ್ಲಕ್ಕಿಂತ ತಳದಲ್ಲಿ ಒಂದು ಕೆಂಪು ಸೀರೆ ಬಿಳಿಯ ಪಂಚೆಯಲ್ಲಿ ಸುತ್ತಿ ಇಟ್ಟಿತ್ತು. ಪಂಚೆ ಗಂಡಸರದು, ಹಳೆಯದು, ಈ ಮನೆಯಲ್ಲಿ ನಾನೆಂದೂ ನೋಡದ್ದು. ಸೀರೆ ಬಿಚ್ಚಿ ನೋಡಿದೆ. ಹರಿದಿರಲಿಲ್ಲ, ಸವೆದಿರಲಿಲ್ಲ. ಯಾಕೆ ಬೇರೆ ಇಟ್ಟಿದ್ದಾರೆಂದು ಅಂಚು ಹಿಡಿದು ನೋಡುತ್ತ, ಏನೂ ತಿಳಿಯದೆ ಮತ್ತೆ ಮಡಚಿದೆ. ಆಗ ನನ್ನ ಬೆರಳು ನೋಡಿಕೊಂಡೆ. ಕೆಂಪಾಗಿದ್ದವು. ನಮ್ಮವ್ವನ ಕುಂಕುಮ.

ಗಳುವನ್ನೂ ತೊಳೆದೇ ಸೀರೆ ಒಣಹಾಕುತ್ತಿದ್ದವರು ಅದೊಂದನ್ನು ಒಗೆದಿರಲಿಲ್ಲ.

ನಮ್ಮವರು ಶಾಲೆಯಿಂದ ಓಡುತ್ತ ಬಂದರು. ಇಳಿದರಂತೆ, ನಡೆದಾಡಿದರಂತೆ, ಪುಡಿಯ ಮೇಲೆ ಹೆಜ್ಜೆ ಮೂಡಿತಂತೆ ಎಂದು ಬಾಗಿಲಲ್ಲೇ ಶುರು ಮಾಡಿದರು. ನಾನು ಕೈ ಮುಂದೆ ಚಾಚಿದೆ, ಸೀರೆಯನ್ನೂ ಪಂಚೆಯನ್ನೂ ತೋರಿಸಿದೆ. ಅವರು ನನ್ನ ಬೆರಳು ಹಿಡಿದುಕೊಂಡು ನೆಲದ ಮೇಲೆ ಕೂತರು.

ಆ ಸೀರೆಯನ್ನು ಯಾರಿಗೂ ಕೊಡಲಿಲ್ಲ. ನಮ್ಮವರು ಹೋದ ಮೇಲೆ ನಾನು ಕುಂಕುಮ ಬಿಟ್ಟು ಈಗ ಬಹಳ ಕಾಲವಾಯಿತು. ಹುಣ್ಣಿಮೆಯ ಸಂಜೆ ಒಮ್ಮೊಮ್ಮೆ ಟ್ರಂಕು ತೆಗೆದು ಆ ಅಂಚನ್ನು ಮುಟ್ಟುತ್ತೇನೆ. ಬೆರಳಿಗೆ ಇನ್ನೂ ಹತ್ತುತ್ತದೆ.